ಹೊಳೆ ಇದ್ದ ಹಾಗೇ ಇರಲಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನನ್ನ ಮಾತು ಆನೆಗೊಂದಿ, ಸಾಣಾಪುರ, ಕಂಪ್ಲಿ ಕಡೆ ತುಂಗಭದ್ರಾ ಹೊಳೆ ದಂಡೆಯಲ್ಲಿ ಇರುವವರಿಗೆ. ಹರಿಗೋಲು ನಡೆಸುವವರು, ಮನೆಯ ಒಂದೆರಡು ಕೋಣೆ ಪ್ರವಾಸಿಗರಿಗೆ ಕೊಡುವವರು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳು, ಸ್ವಲ್ಪ ರೇಡಿಯೊ ಹತ್ತಿರ ಬನ್ನಿ. ಹೇಳುವುದು ಒಂದೇ ಮಾತು. ಹೊಳೆ ಇದ್ದ ಹಾಗೇ ಇರಲಿ. ನಿಮ್ಮ ಬಂಡವಾಳ ಅದೇ.

ನಮ್ಮ ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ಇವುಗಳಿಗಾಗಿಯೇ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ಹಂಪಿ ನೋಡಲು ಬರುವ ಎಷ್ಟು ಜನರಿಗೆ ಇದು ಗೊತ್ತು? ನಮ್ಮೂರಿನವರಿಗೇ ಗೊತ್ತಿಲ್ಲ, ಅಲ್ವಾ?

ಒಂದು ಮುಂಜಾನೆಯ ಮಾತು ಹೇಳುತ್ತೇನೆ. ಆನೆಗೊಂದಿ ಹತ್ತಿರ ಒಬ್ಬ ಅಜ್ಜನ ಹರಿಗೋಲು ಹತ್ತಿದ್ದೆ. ಜೊತೆಗೆ ಬೆಂಗಳೂರಿನಿಂದ ಬಂದಿದ್ದ ಗಂಡ ಹೆಂಡತಿ. ಅವರಿಗೆ ಆಚೆ ದಡದ ಗುಡಿ ನೋಡುವ ಅವಸರ. ನಡುಹೊಳೆ ದಾಟುತ್ತಿದ್ದಂತೆ ಅಜ್ಜ ಹುಟ್ಟು ಹಾಕುವುದನ್ನು ನಿಲ್ಲಿಸಿ ಮೆಲ್ಲಗೆ ಅಂದ, "ಸರ, ಸುಮ್ಕ ಕುಂದರ್ರಿ, ಬಂದಾವ."

ಮೊದಲು ಕೇಳಿಸಿದ್ದು ಸಿಳ್ಳೆಯಂಥ ಸಣ್ಣ ಕೂಗು. ಆಮೇಲೆ ನೀರಿನಿಂದ ಒಂದು ತಲೆ, ಎರಡು, ನಾಲ್ಕು. ದೊಡ್ಡದು ಬಂಡೆ ಹತ್ತಿತು. ಮೈಯೆಲ್ಲ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಮುಂಗಾಲಿನ ನಡುವೆ ಮೀನು ಹಿಡಿದು, ತಲೆಯಿಂದ ಶುರು ಮಾಡಿ ತಿಂದಿತು. ಮೂಳೆ ಕಟಕಟ ಕಡಿಯುವುದು ನಮಗೆ ಕೇಳುತ್ತಿತ್ತು. ಮರಿಗಳು ಮರಳಿನಲ್ಲಿ ಹೊರಳಾಡಿ ಮೈ ಒರೆಸಿಕೊಂಡವು. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಆ ದಂಪತಿ ಗುಡಿಗೆ ಹೋಗಲೇ ಇಲ್ಲ. ಅಜ್ಜನ ಮನೆಯಲ್ಲೇ ರೊಟ್ಟಿ, ಪುಂಡಿಪಲ್ಯ ಉಂಡು, ದುಡ್ಡು ಕೊಟ್ಟು, ಮುಂದಿನ ವರ್ಷ ಐದು ಜನ ಸ್ನೇಹಿತರನ್ನು ಕರೆದುಕೊಂಡು ಬಂದರು.

ಇದಕ್ಕೆ ಅಜ್ಜ ಏನು ಕಟ್ಟಿಸಿದ್ದ? ಏನೂ ಇಲ್ಲ. ಯಾವ ಬಂಡೆ, ಯಾವ ಹೊತ್ತು, ಎಷ್ಟು ದೂರ ನಿಲ್ಲಬೇಕು, ಅಷ್ಟು ಅವನಿಗೆ ಗೊತ್ತಿತ್ತು.

ಈಗ ಹೇಳಿ, ಮರಳು ತೆಗೆದರೆ ಮರಿಗಳು ಎಲ್ಲಿ ಹೊರಳಾಡಬೇಕು? ದಡದ ಆಪು ಹುಲ್ಲು ಸುಟ್ಟರೆ, ಬಂಡೆ ಒಡೆದರೆ ಎಲ್ಲಿ ಅಡಗಬೇಕು? ಮೀನು ಹಿಡಿಯಲು ನೀರಿನಲ್ಲಿ ಸಿಡಿಮದ್ದಿನ ತೋಟಾ ಸಿಡಿಸಿದರೆ ಸಾಯುವುದು ದೊಡ್ಡ ಮೀನೊಂದೇ ಅಲ್ಲ, ಮರಿಮೀನೂ ಸಾಯುತ್ತದೆ. ಆಗ ನೀರುನಾಯಿಗೂ ಊಟವಿಲ್ಲ, ಮೀನುಗಾರನಿಗೂ ಇಲ್ಲ. ಹೊಳೆ ಪಕ್ಕ ದೊಡ್ಡ ಸ್ಪೀಕರ್ ಹಚ್ಚಿ ಕುಣಿಸುವವರಿಗೆ ನಾನು ಎಷ್ಟು ಸಲ ಹೇಳಿದ್ದೇನೋ! ದಯವಿಟ್ಟು ಅದನ್ನು ಆರಿಸಿ. ಆ ಹಾಡು ಬೆಂಗಳೂರಿನಲ್ಲೂ ಸಿಗುತ್ತದೆ. ಈ ಸಿಳ್ಳೆ ಸಿಗುವುದಿಲ್ಲ.

ದರೋಜಿ ಕರಡಿಧಾಮದ ಬಗ್ಗೆಯೂ ಹೇಳಬೇಕಿತ್ತು, ಹೊತ್ತು ಜಾಸ್ತಿ ಉಳಿದಿಲ್ಲ. 1994ರಲ್ಲಿ ಆದದ್ದು. ಅಲ್ಲಿಯೂ ಕರಡಿಗೆ ಬೇಕಾದದ್ದು ಬಂಡೆಯ ಗವಿ, ಹುತ್ತದ ಗೆದ್ದಲು, ಬಾರೆಹಣ್ಣು, ಕವಳಿಹಣ್ಣು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಮನೆಗಳಿವೆ, ಅಂದರೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು. ಮೇಲೆ ಹತ್ತಿದವರು ಚಪ್ಪಡಿಯ ಮೇಲೆ ಹೆಸರು ಕೊರೆಯಬೇಡಿ. ಈ ಸೀಮೆಯ ಬಂಡೆಗಳನ್ನು ಯಾರೋ ತಂದು ಪೇರಿಸಿದ್ದಲ್ಲ. ಸುಮಾರು 250 ಕೋಟಿ ವರ್ಷದ ಕಲ್ಲು, ಬಿರುಕು ಬಿಟ್ಟು, ಮಳೆ ಬಿಸಿಲಿಗೆ ಅಂಚು ಸವೆದು ಇದ್ದಲ್ಲೇ ಗುಂಡಾಗಿದೆ. ಒಡೆದರೆ ಇನ್ನೊಂದು ಬರುವುದಿಲ್ಲ.

ಹುಡುಗರೇ, ನಾಳೆ ಆರು ಗಂಟೆಗೆ ಹೊಳೆಗೆ ಹೋಗಿ. ಹಸಿ ಮರಳು ನೋಡಿ. ಐದು ಬೆರಳಿನ ಹೆಜ್ಜೆ, ಬೆರಳ ನಡುವೆ ತೊಗಲಿನ ಗುರುತು, ಹತ್ತಿರದ ಬಂಡೆ ಮೇಲೆ ಮೀನಿನ ಪೊರೆ ತುಂಬಿದ ಹಿಕ್ಕೆ ಇದ್ದರೆ, ಅಲ್ಲೇ ದೂರದಲ್ಲಿ ಕೂತುಕೊಳ್ಳಿ. ಮೊಬೈಲ್ ಜೇಬಿನಲ್ಲಿರಲಿ. ಸಿಳ್ಳೆ ಕೇಳುವವರೆಗೆ ಏಳಬೇಡಿ.

ನಮಸ್ಕಾರ.