ಅಲಾರಂ ಹೊಡೆದರೂ ಮಾತ್ರೆ ಯಾಕೆ ಉಳಿಯುತ್ತದೆ?

(ಪರದೆಯಲ್ಲಿ: ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್, ಪಕ್ಕದಲ್ಲಿ ಗುಂಡಿ ಒತ್ತುವ ಹಳೆಯ ಫೋನು)

ಎಲ್ಲರಿಗೂ ನಮಸ್ಕಾರ. ನಮ್ಮ ಚಾನೆಲ್ ನೋಡುವವರೊಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಟ್ಟಿದೆ. "ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ. ಫೋನಿನಲ್ಲಿ ರಾತ್ರಿ 9ಕ್ಕೆ ಅಲಾರಂ ಇಟ್ಟುಕೊಟ್ಟಿದ್ದೇನೆ. ಆದರೂ ಊರಿಗೆ ಹೋಗಿ ನೋಡಿದರೆ ಸ್ಟ್ರಿಪ್‌ನಲ್ಲಿ ಮಾತ್ರೆ ಉಳಿದಿರುತ್ತದೆ. ಯಾಕೆ?"

ಮೊದಲು ಹಿನ್ನೆಲೆ, ಚುಟುಕಾಗಿ. ಕ್ಯಾನ್ಸರ್ ಅಂದರೆ ಆಸ್ಪತ್ರೆ, ಡ್ರಿಪ್ ಅಂತಲೇ ನಮಗೆ ನೆನಪಾಗುತ್ತದೆ. ಆದರೆ ಈಗ ಎಷ್ಟೋ ಚಿಕಿತ್ಸೆ ಮನೆಯಲ್ಲೇ, ಮಾತ್ರೆಯ ರೂಪದಲ್ಲಿ ನಡೆಯುತ್ತದೆ. ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್‌ಗೆ ಇಮಾಟಿನಿಬ್ ಇದೆ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿದ ಈ ಮಾತ್ರೆಯನ್ನು ಜನ ವರ್ಷಗಟ್ಟಲೆ ದಿನಾ ನುಂಗುತ್ತಾರೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಲೆಟ್ರೊಜೋಲ್‌ನಂಥ ಹಾರ್ಮೋನ್ ಮಾತ್ರೆಗಳು ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಅಷ್ಟು ದಿನವೂ ಪಕ್ಕದಲ್ಲಿ ನರ್ಸ್ ಇರುವುದಿಲ್ಲ.

ತಿಂಗಳಿಗೆ ಮೂರ್ನಾಲ್ಕು ಮಾತ್ರೆ ತಪ್ಪಿದರೆ ಏನು ಮಹಾ ಅಂತ ಅನ್ನಿಸುತ್ತದೆ, ಅಲ್ವಾ? ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು 87 ಸಿಎಂಎಲ್ ರೋಗಿಗಳ ಮಾತ್ರೆ ಡಬ್ಬಿಗೆ ಚಿಪ್ ಇರುವ ಮುಚ್ಚಳ ಹಾಕಿ ಕೊಟ್ಟರು. ಡಬ್ಬಿ ತೆರೆದಾಗಲೆಲ್ಲ ಆ ಮುಚ್ಚಳ ಲೆಕ್ಕ ಇಡುತ್ತಿತ್ತು. ಫಲಿತಾಂಶ ಪ್ರಕಟವಾಗಿದ್ದು 2010ರಲ್ಲಿ. ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಮಾತ್ರೆ ನುಂಗಿದವರಲ್ಲಿ, 6 ವರ್ಷದ ಹೊತ್ತಿಗೆ ರಕ್ತದಲ್ಲಿ ರೋಗದ ಕುರುಹು ತೀರಾ ಕಡಿಮೆಯಾಗುವ ಸಾಧ್ಯತೆ ಶೇ. 94.5 ಇತ್ತು. ಉಳಿದವರಲ್ಲಿ ಶೇ. 28.4.

(ಪರದೆಯಲ್ಲಿ: 94.5 ಮತ್ತು 28.4. ಮೂರು ಸೆಕೆಂಡು ಮೌನ)

ಒಂದೇ ಔಷಧ, ಒಂದೇ ಆಸ್ಪತ್ರೆ. ಹಾಗಾದರೆ ಫೋನಿನಿಂದ ನೆನಪಿಸಿದರೆ ಕೆಲಸ ಆಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. ನಮ್ಮ ವೀಕ್ಷಕರ ಅಮ್ಮನ ಹಾಗೆಯೇ ಸ್ತನ ಕ್ಯಾನ್ಸರ್ ಆಗಿ, ಇದೇ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದ 700ಕ್ಕೂ ಹೆಚ್ಚು ಮಹಿಳೆಯರು. ಅವರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆರಡು ಎಸ್‌ಎಂಎಸ್, ಅದೂ 3 ವರ್ಷ. ಮಾತ್ರೆ ನುಂಗಿದ್ದಾರಾ ಅಂತ ಮೂತ್ರ ಪರೀಕ್ಷೆಯಿಂದ ನೋಡಿದರು. 2020ರಲ್ಲಿ ಉತ್ತರ ಬಂತು. ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಆ ಎಸ್‌ಎಂಎಸ್‌ಗಳಿಗೆ ತಿರುಗಿ ಉತ್ತರ ಕೊಡುವ ಹಾಗಿರಲಿಲ್ಲ. ನನ್ನ ಪ್ರಕಾರ ಎಡವಿದ್ದು ಅಲ್ಲೇ. ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಕೀನ್ಯಾದಲ್ಲಿ ನಡೆದ ಇನ್ನೊಂದು ಕಥೆ ಇದೆ. ಇದು ನನಗೆ ತುಂಬಾ ಇಷ್ಟ. ಅಲ್ಲಿನ ರೋಗಿಗಳಿಗೆ ಇದ್ದದ್ದು ಕ್ಯಾನ್ಸರ್ ಅಲ್ಲ, ಎಚ್‌ಐವಿ. ಆದರೆ ದಿನಾ ಮಾತ್ರೆ ನುಂಗುವ ಕಷ್ಟ ಒಂದೇ. 538 ಜನ. ಅವರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೊಮ್ಮೆ ಕ್ಲಿನಿಕ್‌ನಿಂದ ಒಂದೇ ಪದದ ಮೆಸೇಜ್ ಹೋಗುತ್ತಿತ್ತು.

(ಪರದೆಯಲ್ಲಿ: "ಮಾಂಬೋ?")

ಮಾಂಬೋ. ಸ್ವಾಹಿಲಿ ಪದ. ನಾವು "ಏನ್ ಸಮಾಚಾರ?" ಅನ್ನುತ್ತೇವಲ್ಲ, ಥೇಟ್ ಅದೇ. ಅದರಲ್ಲಿ ಮಾತ್ರೆಯ ಮಾತಿಲ್ಲ, ಕಾಯಿಲೆಯ ಹೆಸರಿಲ್ಲ. ಮನೆಯಲ್ಲಿ ಬೇರೆ ಯಾರಾದರೂ ಫೋನ್ ನೋಡಿದರೂ ಏನೂ ಗೊತ್ತಾಗುವುದಿಲ್ಲ. ಚೆನ್ನಾಗಿದ್ದರೆ "ಸವಾ" ಅಂತ ಉತ್ತರಿಸಬೇಕು, ಅಂದರೆ ಎಲ್ಲಾ ಸರಿ. ತೊಂದರೆ ಇದ್ದರೆ "ಶಿಡಾ". ಶಿಡಾ ಅಂದವರಿಗೆ ಕ್ಲಿನಿಕ್‌ನವರು ಫೋನ್ ಮಾಡುತ್ತಿದ್ದರು. ಎರಡು ದಿನ ಉತ್ತರವೇ ಬರದಿದ್ದರೂ ಮಾಡುತ್ತಿದ್ದರು. ಕೊನೆಗೆ ವೈರಸ್ ಹತೋಟಿಗೆ ಬಂದದ್ದು ಮೆಸೇಜ್ ಪಡೆದವರಲ್ಲಿ ಶೇ. 57, ಉಳಿದವರಲ್ಲಿ ಶೇ. 48. ಒಂದು ಪದಕ್ಕೆ, ಅದರ ಹಿಂದೆ ಕಾದು ಕೂತ ಒಬ್ಬ ಮನುಷ್ಯನಿಗೆ, ಇಷ್ಟು ಶಕ್ತಿ!

ನಮ್ಮಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: ವಿಚಾರಿಸಿಕೊಳ್ಳುವುದು. ಮನೆಗೆ ಬಂದ ನೆಂಟರನ್ನು ವಿಚಾರಿಸಿಕೊಳ್ಳುತ್ತೇವೆ, ಬಾಣಂತಿಯನ್ನು ವಿಚಾರಿಸಿಕೊಳ್ಳುತ್ತೇವೆ. ಅಲಾರಂ ಹೊತ್ತು ತಿಳಿಸುತ್ತದೆ, ವಿಚಾರಿಸಿಕೊಳ್ಳುವುದಿಲ್ಲ.

ಈಗ ಅಮ್ಮನ ವಿಷಯಕ್ಕೆ ಬರೋಣ. ಲೆಟ್ರೊಜೋಲ್ ನುಂಗುವವರಲ್ಲಿ ತುಂಬಾ ಜನರಿಗೆ ಕೀಲು ನೋವು ಬರುತ್ತದೆ. ಮಾತ್ರೆ ಬಿಡುವುದಕ್ಕೆ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಅಮ್ಮ ಮರೆತಿಲ್ಲದೇ ಇರಬಹುದು. ನೋವಿಗೆ ಹೆದರಿ ಒಂದೆರಡು ದಿನ ಬಿಟ್ಟು ನೋಡಿರಬಹುದು. ಮಕ್ಕಳಿಗೆ ಹೇಳಿದರೆ ಗಾಬರಿಯಾಗುತ್ತಾರೆ ಅಂತ ಸುಮ್ನೆ ಇರಬಹುದು. ಈ ನೋವಿಗೆ ದಾರಿ ಇದೆ. ವ್ಯಾಯಾಮದಿಂದ ಎಷ್ಟೋ ಜನರಿಗೆ ಹಗುರವಾಗುತ್ತದೆ. ವೈದ್ಯರು ಬೇರೆ ಮಾತ್ರೆಗೆ ಬದಲಿಸಲೂಬಹುದು. ಆದರೆ ನೋವಿದೆ ಅಂತ ಅವರಿಗೆ ಗೊತ್ತಾಗಬೇಕಲ್ಲ?

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಕೀಮೋ ಪಡೆಯುತ್ತಿದ್ದ 766 ಜನರ ಅಧ್ಯಯನ ನಡೆಯಿತು. ಅದರಲ್ಲಿ ಒಂದು ಗುಂಪು ತಮ್ಮ ತೊಂದರೆಗಳನ್ನು ಕಂಪ್ಯೂಟರ್‌ನಲ್ಲಿ ತಿಳಿಸುತ್ತಿತ್ತು, ತೊಂದರೆ ಹೆಚ್ಚಾದರೆ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. ಆ ಗುಂಪಿನವರು ಉಳಿದವರಿಗಿಂತ ಸುಮಾರು 5 ತಿಂಗಳು ಜಾಸ್ತಿ ಬದುಕಿದರು. ನಮ್ಮ ಆಸ್ಪತ್ರೆಗಳು ಇಂಥದ್ದು ಮಾಡುವುದಾದರೆ ಇಂಗ್ಲಿಷ್ ಎಸ್‌ಎಂಎಸ್ ಬೇಡ. ಕನ್ನಡದಲ್ಲಿ ಮಾತಾಡುವ ಕರೆ ಬೇಕು. ಓದಲು ಬಾರದವರು ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು ಅನ್ನುವ ಹಾಗಿರಬೇಕು. ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಎಲ್ಲಾ ಮಾತ್ರೆಯೂ ದಿನಾ ನುಂಗುವಂಥದ್ದಲ್ಲ. ಕ್ಯಾಪೆಸಿಟಾಬಿನ್ ಅನ್ನುವ ಕೀಮೋ ಮಾತ್ರೆಯನ್ನು ಸಾಮಾನ್ಯವಾಗಿ ಎರಡು ವಾರ ಕೊಟ್ಟು ಒಂದು ವಾರ ನಿಲ್ಲಿಸುತ್ತಾರೆ. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಮನೆಯಲ್ಲಿ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ. ಅದನ್ನು ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಒಂದು ದಿನ ತಪ್ಪಿತು ಅಂತ ಮರುದಿನ ನೀವೇ ಎರಡು ನುಂಗಿಸಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇಷ್ಟು. ಅಲಾರಂ ತೆಗೆಯಬೇಡಿ, 9ಕ್ಕೆ ಅದು ಹೊಡೆಯಲಿ. ಆದರೆ ಈ ಭಾನುವಾರ ಫೋನ್ ಮಾಡಿದಾಗ "ಮಾತ್ರೆ ತಗೊಂಡ್ಯಾ?" ಅಂತ ಶುರು ಮಾಡಬೇಡಿ. "ಅಮ್ಮಾ, ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಆಗುತ್ತಾ?" ಅಂತ ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.