ಗ್ಯಾಸ್ ಬಂದರೂ ಹೊಗೆ ಉಳಿದದ್ದು ಎಲ್ಲಿ? ಕುಚ್ಚಲಕ್ಕಿ ಅನ್ನ ಮತ್ತು ಬಚ್ಚಲ ಒಲೆ

[ದೃಶ್ಯ: ಅಡುಗೆಮನೆಯ ಮಾಡಿನ ಒಳಭಾಗ, ಪಕ್ಕಾಸಿಗೆ ಹಿಡಿದ ಕಪ್ಪು ಇಲ್ಲಣ]

ನಮಸ್ಕಾರ. ಪಕ್ಕಾಸಿನಲ್ಲಿ ಜೋತಾಡುವ ಈ ಇಲ್ಲಣ, ಅಂದರೆ ಹೊಗೆಯ ಮಸಿ ನೋಡಿ. ಮುಟ್ಟಿದರೆ ಬೆರಳಿಗೆ ಜಿಡ್ಡಿನಂತೆ ಅಂಟುತ್ತದೆ. ಒಲೆ ಮುಂದೆ ಕೂತವರ ಶ್ವಾಸಕೋಶಕ್ಕೆ ಇಳಿಯುವುದೂ ಇದೇ ಹೊಗೆ.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಚಹಾ, ದೋಸೆ, ಪಲ್ಯ ಎಲ್ಲ ಈಗ ಗ್ಯಾಸಿನಲ್ಲೇ. ಆದರೂ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಹೊಗೆ ಏಳುತ್ತದೆ. ಕಾರಣ ಎರಡೇ: ಕುಚ್ಚಲಕ್ಕಿ ಅನ್ನ, ಬಚ್ಚಲಿನ ಹಂಡೆ.

ಅರ್ಧ ಅಡುಗೆ ಗ್ಯಾಸಿಗೆ ಬಂದರೆ ಕಾಯಿಲೆಯೂ ಅರ್ಧವಾಯಿತು ಅಂದುಕೊಳ್ಳಬೇಡಿ. ಪಿಎಂ 2.5 ಎಂಬ ಸೂಕ್ಷ್ಮ ಕಣ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಟ್ಟಿಗೆ ಉರಿಯುವಾಗ ಅಡುಗೆಮನೆಯಲ್ಲಿ ಅದು ನೂರಾರು. ಸಾವಿರ ಇದ್ದದ್ದು ಐನೂರಕ್ಕೆ ಇಳಿದರೆ ಹೃದಯಕ್ಕೂ, ಮಕ್ಕಳ ನ್ಯುಮೋನಿಯದ ವಿಷಯದಲ್ಲೂ ಸಿಗುವ ಲಾಭ ಸಣ್ಣದು. ದೊಡ್ಡ ಲಾಭ ಇರುವುದು ಕೊನೆಯ ಇಳಿತದಲ್ಲಿ. ಹಾಗಾಗಿ ಉಳಿದ ಆ ಎರಡು ಒಲೆಗಳೇ ಮುಖ್ಯ.

[ದೃಶ್ಯ: ಗ್ಯಾಸ್ ಒಲೆಯ ಮೇಲೆ ಅನ್ನದ ಪಾತ್ರೆ]

ಮೊದಲು ಅನ್ನ. ಅರ್ಧ ಕಿಲೋ ಕುಚ್ಚಲಕ್ಕಿಗೆ 3 ಲೀಟರ್ ನೀರು. ಕುದಿ ಬರಲು ಕಾಲು ಗಂಟೆ, ಆಮೇಲೆ ಬೇಯಲು ಮುಕ್ಕಾಲು ಗಂಟೆ. ದೊಡ್ಡ ಬರ್ನರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 150 ಗ್ರಾಂ ಗ್ಯಾಸ್ ಕುಡಿಯುತ್ತದೆ. ತಿಂಗಳಿಗೆ ನಾಲ್ಕೂವರೆ ಕಿಲೋ. 14.2 ಕಿಲೋ ಸಿಲಿಂಡರಿನ ಮೂರನೇ ಒಂದು ಪಾಲು ಬರೀ ಅನ್ನಕ್ಕೇ ಹೋಯಿತು! ಮನೆಯ ಹೆಂಗಸರು ಅನ್ನವನ್ನು ಕಟ್ಟಿಗೆ ಒಲೆಗೆ ಬಿಟ್ಟದ್ದು ಹಳೇ ಅಭ್ಯಾಸದಿಂದಲ್ಲ, ಈ ಲೆಕ್ಕದಿಂದ.

ಆದರೆ ಅಕ್ಕಿ ಬೇಯಲು ಬೇಕಾದದ್ದು ಬಿಸಿ, ಉರಿಯಲ್ಲ. ನೀರು 100 ಡಿಗ್ರಿ ಮುಟ್ಟಿದ ಮೇಲೆ ಎಷ್ಟು ಉರಿ ಕೊಟ್ಟರೂ ಅದು ಆವಿಯಾಗಿ ಹೋಗುತ್ತದೆ. ಆ ಬಿಸಿ ಆರದ ಹಾಗೆ ಮುಚ್ಚಿಟ್ಟರೆ ಸಾಕು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಎಂಬ ಜನವಿಜ್ಞಾನ ಸಂಘಟನೆ ಜನರಿಗೆ ಪರಿಚಯಿಸಿದ ‘ಚೂಡಾರಾಪ್ಪೆಟ್ಟಿ’, ಅಂದರೆ ಬಿಸಿ ಆರದ ಪೆಟ್ಟಿಗೆ, ಇದೇ. ಅಂಗಡಿಯಲ್ಲಿ ಥರ್ಮಲ್ ಕುಕ್ಕರ್ ಎಂದು ಕೇಳಿದರೆ ಇಂಥದ್ದೇ ಕೊಡುತ್ತಾರೆ.

[ದೃಶ್ಯ: ಕುದಿಯುವ ಪಾತ್ರೆಯನ್ನು ಪೆಟ್ಟಿಗೆಗೆ ಇಳಿಸುವುದು]

ನೀರು ಕುದಿದ ಮೇಲೆ ತೊಳೆದ ಅಕ್ಕಿ ಹಾಕಿ. ಕುದಿ ನಿಲ್ಲುತ್ತದೆ; ಮತ್ತೆ ಬರಲಿ. ಗಡಿಯಾರ ನೋಡುವುದು ಆಗಿನಿಂದ. ಮುಚ್ಚಳ ಹಾಕಿ 10 ನಿಮಿಷ, ದಪ್ಪ ಕೆಂಪಕ್ಕಿಯಾದರೆ 15. ಹಾಗೇ ಪೆಟ್ಟಿಗೆಗೆ ಇಳಿಸಿ ಬಿಗಿಯಾಗಿ ಮುಚ್ಚಿ. ಒಂದೂವರೆ ಗಂಟೆ ತೆರೆಯಬೇಡಿ. ಗ್ಯಾಸಿನ ಖರ್ಚು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಅನ್ನ ಗಟ್ಟಿ ಉಳಿಯಿತೇ? ಸಾಮಾನ್ಯವಾಗಿ ಪಾತ್ರೆ ಅರ್ಧ ಖಾಲಿ ಇರುತ್ತದೆ. ನೀರು ಕಡಿಮೆಯಾದರೆ ಹಿಡಿದಿಡಲು ಬಿಸಿಯೂ ಕಡಿಮೆ. ಮುಕ್ಕಾಲು ಪಾತ್ರೆಯಾದರೂ ತುಂಬಬೇಕು. ಇಬ್ಬರೇ ಇರುವ ಮನೆಗೆ ಸಣ್ಣ ಪೆಟ್ಟಿಗೆಯೇ ಸರಿ. ನಡುವೆ ‘ಬೆಂದಿತೋ’ ಎಂದು ತೆರೆದು ನೋಡಿದರೂ ಕೆಟ್ಟಿತು. ರಾತ್ರಿಯಿಡೀ ಅದರಲ್ಲೇ ಬಿಡುವುದು ಬೇಡ: ಬಿಸಿ 60 ಡಿಗ್ರಿಗಿಂತ ಇಳಿದರೆ ಅನ್ನದಲ್ಲಿ ಬ್ಯಾಕ್ಟೀರಿಯ ಬೆಳೆಯುತ್ತದೆ. ಎರಡು ಗಂಟೆಯೊಳಗೆ ತೆಳಿ ಬಸಿಯಿರಿ.

[ದೃಶ್ಯ: ಬಚ್ಚಲ ಒಲೆ, ಪಕ್ಕದಲ್ಲಿ ಒದ್ದೆ ಮಡಲಿನ ಕಟ್ಟು]

ಇನ್ನು ಹಂಡೆ. ಮಳೆಗಾಲದಲ್ಲಿ ಮಡಲು, ಸೋಗೆ ಎಲ್ಲ ಒದ್ದೆ. ಉರಿಯ ಬಿಸಿ ಆ ನೀರನ್ನು ಆವಿ ಮಾಡುವುದರಲ್ಲೇ ಕಳೆದು, ಬೆಂಕಿ ತಣ್ಣಗಾಗಿ, ಕಟ್ಟಿಗೆ ಅರ್ಧಂಬರ್ಧ ಸುಟ್ಟು ಹೊಗೆಯಾಗುತ್ತದೆ. ಆಗ ಹಚ್ಚಲು ಪ್ಲಾಸ್ಟಿಕ್ ತೊಟ್ಟೆ ಹಾಕುವವರಿದ್ದಾರೆ. ಅದು ವಿಷವೇ, ದಯವಿಟ್ಟು ಬೇಡ. ಬೆಂಕಿ ಹಚ್ಚಲೆಂದೇ ಒಣ ಗೆರಟೆ ತೆಗೆದಿಡಿ. ಹೊಗೆಕೊಳವೆ ಮಾಡಿನ ಮೊಗಟಿಗಿಂತ ಎರಡು ಅಡಿ ಮೇಲೆ ಇರಲಿ. ಅದಕ್ಕಿಂತ ಗಿಡ್ಡವಾದರೆ ಗಾಳಿ ಹೊಗೆಯನ್ನು ಒಳಗೇ ತಳ್ಳುತ್ತದೆ.

ಕಟ್ಟಿಗೆಯ ಬದಲು ಕರೆಂಟಿನಲ್ಲಿ ಸ್ನಾನದ ನೀರು ಕಾಯಿಸುವ ಲೆಕ್ಕವನ್ನೂ ಹೇಳುತ್ತೇವೆ. 20 ಲೀಟರಿನ ಒಂದು ಬಾಲ್ದಿ ನೀರನ್ನು 27 ಡಿಗ್ರಿಯಿಂದ 42ಕ್ಕೆ ಏರಿಸಲು ಸುಮಾರು 0.35 ಯುನಿಟ್ ಸಾಕು.

[ದೃಶ್ಯ: ಹೊರಗೋಡೆಗೆ ಕೂರಿಸಿದ ಗ್ಯಾಸ್ ಗೀಸರ್]

ಗ್ಯಾಸ್ ಗೀಸರ್ ಹಾಕಿಸುವವರು ಅದನ್ನು ಬಚ್ಚಲಿನ ಒಳಗೆ ಕೂರಿಸಲು ಬಿಡಲೇಬೇಡಿ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕ ಇಳಿದಂತೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ತಿರುಗಿ ಬೀಳುವಾಗ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಗೀಸರ್ ಹೊರಗೋಡೆಯಲ್ಲಿರಲಿ, ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ.