ಕಾಲೇಜು ರಸ್ತೆಯ ಅಂಗಡಿ ಮಾರುವ ಮುನ್ನ

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ಸ್ವಂತ ಅಂಗಡಿ, ಮಳಿಗೆ ಇರುವ ಇಷ್ಟು ಜನ ಒಂದೇ ಕಡೆ ಸೇರಿದ್ದೀರಿ. ನನಗೆ ತುಂಬಾ ಖುಷಿ. ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಇದ್ದವನು. ಆಸ್ತಿಯ ಕಾಗದ ಓದುವುದೇ ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಜನ ಕಾಗದದ ಗಂಟು ಹಿಡಿದುಕೊಂಡು ಮನೆಗೆ ಬರುತ್ತಾರೆ. ಹೆಚ್ಚಿನವರು ಬರುವುದು ಸಂಚಕಾರ, ಅಂದರೆ ಮುಂಗಡ ದುಡ್ಡು, ತಗೊಂಡಾದ ಮೇಲೆ. ಒಂದು ತಿಂಗಳು ಮೊದಲೇ ಬಂದಿದ್ದರೆ ಈ ಕಷ್ಟ ಇರುತ್ತಿರಲಿಲ್ಲವಲ್ಲ ಅಂತ ಪ್ರತಿ ಸಲ ಅನ್ನಿಸುತ್ತದೆ. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಒಂದು ಪ್ರಶ್ನೆ. ನೀವು ಮಾರಲು ಹೊರಟಿರುವುದು ಏನನ್ನು? ಗೋಡೆ, ಶಟರ್, ಮೇಲಿನ ಹೆಂಚು ಅಂತ ಹೇಳಬಹುದು. ಕೊಳ್ಳುವವನು ಕೊಡುವ ದುಡ್ಡು ಮಾತ್ರ ಆ ಬಾಗಿಲ ಮುಂದೆ ದಿನಾ ಓಡಾಡುವ ಜನಕ್ಕೆ. ನಮ್ಮ ಊರಿನಲ್ಲಿ ಆ ಜನ ಯಾರು ಅಂತ ನೋಡಿ. ಹುಬ್ಬಳ್ಳಿ ಇಲ್ಲಿಂದ ಸುಮಾರು 20 ಕಿಲೋಮೀಟರ್. ಅಲ್ಲಿ ಅಂಗಡಿಗೆ ಬೆಲೆ ತರುವುದು ವ್ಯಾಪಾರ. ಇಲ್ಲಿ ಬೆಲೆ ತರುವುದು ಓದು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮುಂದಿನ ವರ್ಷ ಮುಂಬಯಿಯಿಂದ ಇಲ್ಲಿಗೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟಿನ ಪೀಠ, 2016ರಲ್ಲಿ ಐಐಟಿ. ಒಂದೊಂದೂ ಬಂದಾಗ ಹೊಸ ಹುಡುಗರು, ಹೊಸ ವಕೀಲರು, ಹೊಸ ಬಾಡಿಗೆದಾರರು ಬಂದರು.

ಇದರ ಜೊತೆಗೆ ಸಂಗೀತ, ನಾಟಕ, ಪುಸ್ತಕ. 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘ ಇಲ್ಲಿದೆ. ಸಂಜೆ ಅಲ್ಲಿ ಕಾರ್ಯಕ್ರಮ ಮುಗಿಸಿ ಬಂದವರು ಚಹಾ ಕುಡಿಯದೆ ಮನೆಗೆ ಹೋಗುತ್ತಾರಾ? ಸುಭಾಸ ರಸ್ತೆಯ ಅಟ್ಟವನ್ನು ನೆನಪು ಮಾಡಿಕೊಳ್ಳಿ. 1933ರಲ್ಲಿ ಶುರುವಾದ ಪುಸ್ತಕ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ ಆ ಅಟ್ಟದಿಂದಲೇ ನಾಡಿಗೆಲ್ಲ ಹೆಸರಾಯಿತು. ಮೆಟ್ಟಿಲು ಹತ್ತಿ ಹೋಗಬೇಕಾದ ಜಾಗಕ್ಕೆ ಬಾಡಿಗೆ ಯಾವಾಗಲೂ ಕಡಿಮೆ. ಆದರೂ ಅಂಥ ಜಾಗಕ್ಕೆ ಬರುವ ಜನ ಕೆಳಗಿನ ರಸ್ತೆಗೂ ಜೀವ ತರುತ್ತಾರೆ. ನಿಮ್ಮ ಮಾಳಿಗೆಯ ಮೇಲೆ ತಬಲಾ ಕ್ಲಾಸೋ ಚಿತ್ರಕಲೆಯ ಕ್ಲಾಸೋ ಇದ್ದರೆ, ಅದನ್ನು ಖಾಲಿ ಮಾಡಿಸಿಯೇ ಮಾರಬೇಕು ಅಂತ ಅವಸರ ಮಾಡಬೇಡಿ. ವಾರಕ್ಕೆ ನಾಲ್ಕು ಸಂಜೆ 30 ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮ. ಕೆಳಗಿನ ಬೇಕರಿಯವನಿಗೆ ಇದರ ಬೆಲೆ ಗೊತ್ತಿರುತ್ತದೆ.

ಇನ್ನು ಸಪ್ತಾಪುರದ ಕಡೆ. ಅಲ್ಲಿನ ಕತೆ ಸ್ವಲ್ಪ ಬೇರೆ. ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಯಿಂದ ಹುಡುಗ ಹುಡುಗಿಯರು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುತ್ತಾರೆ. ಕೋಚಿಂಗ್, ರೀಡಿಂಗ್ ರೂಮ್, ಮೆಸ್, ಝೆರಾಕ್ಸ್, ಪಿಜಿ, ಎಲ್ಲಾ ಅವರನ್ನೇ ನಂಬಿವೆ. ಸರ್ಕಾರ ನೇಮಕಾತಿ ಕರೆದರೆ ರೂಮು ಸಿಗುವುದಿಲ್ಲ. ನೇಮಕಾತಿ ನಿಂತರೆ ಹುಡುಗರು ಊರಿಗೆ ವಾಪಸ್ ಹೋಗುತ್ತಾರೆ, ಬಾಡಿಗೆ ಬಾಕಿ ಬೀಳುತ್ತದೆ. ಅಲ್ಲಿ ಒಂದು ಒಳ್ಳೆಯ ವರ್ಷದ ಬಾಡಿಗೆ ತೋರಿಸಿ ಬೆಲೆ ಹೇಳುವುದು ಸರಿಯಲ್ಲ. ಮೂರು ವರ್ಷದ ಬಾಡಿಗೆ ಬರೆದು ತೋರಿಸಿ. ಏಪ್ರಿಲ್, ಮೇ ರಜೆಯಲ್ಲಿ ಎಷ್ಟು ಬಂತು ಅನ್ನುವುದನ್ನೂ ಬರೆಯಿರಿ. ಕೊಳ್ಳುವವನು ಹೇಗಿದ್ದರೂ ಕೇಳಿ ತಿಳಿದುಕೊಳ್ಳುತ್ತಾನೆ. ನೀವೇ ಮೊದಲು ಹೇಳಿದರೆ ಅವನಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಬೆಲೆಯ ಲೆಕ್ಕವನ್ನು ಸರಳವಾಗಿ ಹೇಳುತ್ತೇನೆ. ತಿಂಗಳಿಗೆ 20,000 ಬಾಡಿಗೆ ಅಂದುಕೊಳ್ಳಿ. ವರ್ಷಕ್ಕೆ 2 ಲಕ್ಷ 40 ಸಾವಿರ. ಪಾಲಿಕೆ ತೆರಿಗೆ, ರಿಪೇರಿ, ಒಂದಿಷ್ಟು ದಿನ ಖಾಲಿ ಬಿದ್ದಿದ್ದು, ಎಲ್ಲಾ ಸೇರಿ 30,000 ತೆಗೆಯಿರಿ. ಉಳಿದಿದ್ದು 2 ಲಕ್ಷ 10 ಸಾವಿರ. ಕೊಳ್ಳುವವನು ತನ್ನ ದುಡ್ಡಿಗೆ ವರ್ಷಕ್ಕೆ ನೂರಕ್ಕೆ 6 ಬರಲಿ ಅಂದರೆ ಅವನ ಲೆಕ್ಕದಲ್ಲಿ ನಿಮ್ಮ ಅಂಗಡಿಗೆ 35 ಲಕ್ಷ. ನೂರಕ್ಕೆ 5 ಸಾಕು ಅಂದರೆ 42 ಲಕ್ಷ. ಪಕ್ಕದವರದ್ದು ಒಂದು ಕೋಟಿಗೆ ಹೋಯಿತಂತೆ ಅನ್ನುವ ಮಾತು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಜಾಗ ದೊಡ್ಡದಿದ್ದು, ಹಳೆಯದನ್ನು ಕೆಡವಿ ಮೂರು ಮಹಡಿ ಕಟ್ಟಬಹುದು ಅಂತಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಮುಂದೆ ಎಷ್ಟು ಜಾಗ ಬಿಡಬೇಕು, ಗಾಡಿ ನಿಲ್ಲಿಸಲು ಜಾಗ ಇದೆಯಾ, ಅದನ್ನು ಎಂಜಿನಿಯರ್ ಹತ್ತಿರ ಬರೆಸಿಕೊಂಡೇ ಬೆಲೆ ಹೇಳಿ.

ಈಗ ಬಾಡಿಗೆದಾರರ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಹತ್ತಿರ ಬರುವ ತಂಟೆಗಳಲ್ಲಿ ಜಾಸ್ತಿ ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಒಬ್ಬ ಮಾಲೀಕರು ಇದ್ದರು. ಅವರ ಅಂಗಡಿ 10 ಅಡಿ ಅಗಲ, 14 ಅಡಿ ಉದ್ದ. ಅದರಲ್ಲಿ ಹಾರ್ಮೋನಿಯಂ, ತಬಲಾ ರಿಪೇರಿ ಮಾಡುವವರು 30 ವರ್ಷದಿಂದ ಕೂತಿದ್ದರು. ಮಾಲೀಕರು ಅವರಿಗೆ ಒಂದು ಮಾತೂ ಹೇಳದೆ ಬೇರೆಯವರ ಹತ್ತಿರ ಸಂಚಕಾರ ತಗೊಂಡರು. ಮೂರು ತಿಂಗಳಲ್ಲಿ ಖಾಲಿ ಮಾಡಿಸಿ ಕೊಡುತ್ತೇನೆ ಅಂತ ಕರಾರಿನಲ್ಲಿ ಬರೆದುಕೊಟ್ಟರು. ಬಾಡಿಗೆದಾರರಿಗೆ ಗೊತ್ತಾಗಿದ್ದು ಅಳತೆ ಟೇಪು ಹಿಡಿದುಕೊಂಡು ಜನ ಬಂದಾಗ. ಆ ಮನುಷ್ಯನಿಗೆ ಎಷ್ಟು ನೋವಾಗಿರಬೇಕು ಹೇಳಿ. ಅವರು ಕೋರ್ಟಿಗೆ ಹೋದರು.

ಕಾನೂನು ಏನು ಹೇಳುತ್ತದೆ? ದೊಡ್ಡ ಮಳಿಗೆಗಳಿಗೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯಿಸುವುದಿಲ್ಲ. ಆದರೆ 14 ಚದರ ಮೀಟರ್ ಒಳಗಿನ, ಹಳೆಯ ಕಡಿಮೆ ಬಾಡಿಗೆಯ ಸಣ್ಣ ಅಂಗಡಿಗೆ ಅದರ ರಕ್ಷಣೆ ಸಿಗಬಹುದು. 14 ಚದರ ಮೀಟರ್ ಅಂದರೆ ಹತ್ತಿರ ಹತ್ತಿರ 150 ಚದರ ಅಡಿ. ಅವರ ಅಂಗಡಿ 140. ನಮ್ಮ ಹಳೆಯ ಪೇಟೆಯಲ್ಲಿ ಇಷ್ಟೇ ಅಳತೆಯ ಅಂಗಡಿ ಎಷ್ಟಿವೆ ಅಂತ ನಿಮಗೇ ಗೊತ್ತು. ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಮುರಿಯುವುದೂ ಇಲ್ಲ. ಹೊಸ ಮಾಲೀಕ ಹಳೆಯ ಮಾಲೀಕನ ಜಾಗಕ್ಕೆ ಬರುತ್ತಾನೆ, ಅಷ್ಟೇ.

ನನ್ನ ಬೇಡಿಕೆ ಇದು. ಮಾರಬೇಕು ಅಂತ ಮನೆಯಲ್ಲಿ ತೀರ್ಮಾನವಾದ ದಿನ ಮೊದಲು ಬಾಡಿಗೆದಾರರ ಹತ್ತಿರ ಹೋಗಿ. ಏಜೆಂಟರ ಹತ್ತಿರ ಆಮೇಲೆ ಹೋಗಿ. "ಮಾರುತ್ತಾ ಇದ್ದೇವೆ, ನೀವು ತಗೋತೀರಾ?" ಅಂತ ಕೇಳಿ. ಆ ಜಾಗದಿಂದಲೇ ಅನ್ನ ತಿನ್ನುವವರಿಗೆ ಅದರ ಬೆಲೆ ಬೇರೆ ಯಾರಿಗಿಂತಲೂ ಜಾಸ್ತಿ. ಅವರ ಹತ್ತಿರ ದುಡ್ಡೆಲ್ಲಿದೆ ಅಂತ ನೀವೇ ತೀರ್ಮಾನ ಮಾಡಬೇಡಿ. ಆದಾಯ ತೆರಿಗೆ ರಿಟರ್ನ್ ತುಂಬುತ್ತಿದ್ದರೆ, ಅದೇ ಜಾಗದಲ್ಲಿ ಎಷ್ಟೋ ವರ್ಷ ವ್ಯಾಪಾರ ನಡೆಸಿದ್ದರೆ, ಬ್ಯಾಂಕು ಅವರ ಅರ್ಜಿಯನ್ನು ಗಂಭೀರವಾಗಿ ನೋಡುತ್ತದೆ. ನಾನೇ ಅಂಥ ಸಾಲ ಮಾಡಿಕೊಟ್ಟಿದ್ದೇನೆ. ಕಟ್ಟುತ್ತಿದ್ದ ಬಾಡಿಗೆಗೆ ಇನ್ನೊಂದಿಷ್ಟು ಸೇರಿಸಿ ಕಂತು ಕಟ್ಟಿದರು, ಅಂಗಡಿ ಅವರದ್ದೇ ಆಯಿತು. ಪುಸ್ತಕದ ಅಂಗಡಿ, ವಾದ್ಯ ರಿಪೇರಿ, ಫ್ರೇಮ್ ಹಾಕುವವರು, ಇವರು ಒಂದು ಸಲ ಎದ್ದು ಹೋದರೆ ಆ ಓಣಿಗೆ ಮತ್ತೆ ಬರುವುದಿಲ್ಲ. ಈ ಊರು ನನ್ನನ್ನು ಬೆಳೆಸಿದ ಊರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾರ್ಮೋನಿಯಂ ಅಂಗಡಿಯೂ ಕೊನೆಗೆ ಅದರಲ್ಲಿ ಕೂತವರಿಗೇ ಹೋಯಿತು. ಎರಡು ವರ್ಷ ಕೋರ್ಟು, ವಾಪಸ್ ಕೊಟ್ಟ ಸಂಚಕಾರ, ಮೇಲೆ ಅದರ ಬಡ್ಡಿ, ಇಷ್ಟೆಲ್ಲಾ ಆದ ಮೇಲೆ.

ಇನ್ನು ಕಾಗದಗಳು. ಸಿಟಿಎಸ್ ಉತಾರ, ಅಂದರೆ ನಗರ ಸರ್ವೆಯ ಆಸ್ತಿ ದಾಖಲೆ, ತೆಗೆಸಿ ಅದರಲ್ಲಿ ಯಾರ ಹೆಸರಿದೆ ನೋಡಿ. ಅಜ್ಜನ ಹೆಸರೇ ಇನ್ನೂ ಇದೆಯಾ? ಹಾಗಿದ್ದರೆ ಮೊದಲು ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರು ಏರಿಸಿ. ಅಕ್ಕ ತಂಗಿಯರನ್ನು ಬಿಟ್ಟು ವಾರಸಾ ಮಾಡಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಆ ಹೊತ್ತಿಗೆ ತಂದೆ ಬದುಕಿರಲಿ, ಇಲ್ಲದಿರಲಿ, ಈ ಹಕ್ಕು ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರ ಪಾಲನ್ನು ಅವರಿಗೆ ಕೊಡಿ, ಖರೀದಿ ಪತ್ರಕ್ಕೆ ಅವರ ಸಹಿಯನ್ನೂ ಹಾಕಿಸಿ. ಮಕ್ಕಳು ಅಮೆರಿಕದಲ್ಲೋ ಲಂಡನ್ನಿನಲ್ಲೋ ಇದ್ದು ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸುವುದಾದರೆ ಅಲ್ಲಿನ ಭಾರತೀಯ ಕಚೇರಿಯಲ್ಲಿ ದೃಢೀಕರಿಸಿರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಉತಾರದ ಅಳತೆ, ನೆಲದ ಮೇಲಿನ ಅಳತೆ ಎರಡೂ ಹೊಂದುತ್ತವಾ? ಹುಬ್ಬಳ್ಳಿ-ಧಾರವಾಡ ಬಸ್ಸಿನ ಬಿಆರ್‌ಟಿಎಸ್ ರಸ್ತೆಗೆ ಮುಂದಿನ ಭಾಗ ಕೊಟ್ಟವರು ಇದನ್ನು ತಪ್ಪದೆ ನೋಡಬೇಕು. ಹೋದ ಜಾಗ ಕಾಗದದಲ್ಲಿ ಇನ್ನೂ ನಿಮ್ಮದೇ ಆಗಿದ್ದರೆ ಕೊಳ್ಳುವವನ ಬ್ಯಾಂಕು ಅಲ್ಲಿಗೇ ನಿಲ್ಲಿಸುತ್ತದೆ. ವಾಸಕ್ಕೆ ಅಂತ ಪರವಾನಗಿ ತಗೊಂಡು ಕೆಳಗೆ ಅಂಗಡಿ ಮಾಡಿದವರದ್ದೂ ಇದೇ ಕಷ್ಟ. ವಾಣಿಜ್ಯ ದರದಲ್ಲಿ ತೆರಿಗೆ ಕಟ್ಟಿದ ರಸೀದಿ ಇದ್ದರೆ ಸಾಲದು. ಹಳೆಯ ಸಾಲ ತೀರಿದ್ದರೆ ಉತಾರದಲ್ಲಿರುವ ಅದರ ಬೋಜಾ, ಅಂದರೆ ಸಾಲದ ನಮೂದು, ತೆಗೆಸಿ. ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಖಾತಾ, ಇಲ್ಲದೆ ಈಗ ನೋಂದಣಿ ಆಗುವುದಿಲ್ಲ, ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಖರ್ಚಿನ ವಿಷಯ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. ಎಲ್ಲಾ ಸೇರಿ ನೂರಕ್ಕೆ 7.6. ಇದನ್ನು ಕೊಳ್ಳುವವರೇ ಕೊಡುವುದು ರೂಢಿ. ಆದರೂ ಅವರ ಜೇಬಿನ ಲೆಕ್ಕದಲ್ಲಿ ಅದೂ ನಿಮ್ಮ ಅಂಗಡಿಯ ಬೆಲೆಯೇ. ಚೌಕಾಶಿಗೆ ಕೂತಾಗ ನೆನಪಿರಲಿ.

ಕಾಗದದಲ್ಲಿ ಕಡಿಮೆ ಬರೆದು ಉಳಿದದ್ದನ್ನು ನಗದು ತಗೋಳ್ಳೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬರೆದ ಬೆಲೆಗಿಂತ ಸರ್ಕಾರಿ ಮಾರ್ಗಸೂಚಿ ಬೆಲೆ ನೂರಕ್ಕೆ 10ಕ್ಕಿಂತ ಜಾಸ್ತಿ ಇದ್ದರೆ ಮಾರ್ಗಸೂಚಿ ಬೆಲೆಯ ಮೇಲೇ ನಿಮಗೆ ತೆರಿಗೆ ಹಾಕುತ್ತಾರೆ.

ತೆರಿಗೆಯಲ್ಲಿ ಒಂದು ತಪ್ಪು ತಿಳಿವಳಿಕೆ ತುಂಬಾ ಜನಕ್ಕಿದೆ. ಈ ಅಂಗಡಿ ಮಾರಿ ಇನ್ನೊಂದು ಅಂಗಡಿ ಕೊಂಡರೆ ತೆರಿಗೆ ಇಲ್ಲ ಅಂದುಕೊಳ್ಳುತ್ತಾರೆ. ಹಾಗಿಲ್ಲ. ವಿನಾಯಿತಿ ಬೇಕಾದರೆ ವಾಸದ ಮನೆ ಕೊಳ್ಳಬೇಕು. ಲಾಭವನ್ನಷ್ಟೇ ಹಾಕಿದರೆ ಸಾಲದು, ಕೈಗೆ ಬಂದ ಪೂರ್ತಿ ದುಡ್ಡು ಹಾಕಿದರೆ ಮಾತ್ರ ಪೂರ್ತಿ ವಿನಾಯಿತಿ. ಮಾರುವಾಗ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಜಾಸ್ತಿ ಮನೆ ಇರಬಾರದು. ಇನ್ನೊಂದು ದಾರಿ, ಲಾಭದಲ್ಲಿ 50 ಲಕ್ಷದವರೆಗೆ ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ಬಾಂಡ್‌ಗಳಲ್ಲಿ ಇಡಬಹುದು, ಐದು ವರ್ಷ ತೆಗೆಯುವಂತಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ನಿಮ್ಮ ಹತ್ತಿರ ಇದ್ದ ಆಸ್ತಿಯ ಲಾಭಕ್ಕೆ ತೆರಿಗೆ ನೂರಕ್ಕೆ 12.5. 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದರೆ, ಬೆಲೆ ಏರಿಕೆಯ ಲೆಕ್ಕ ಹಿಡಿದು ನೂರಕ್ಕೆ 20ರ ಹಳೆಯ ಲೆಕ್ಕವನ್ನೂ ಹಾಕಿ ನೋಡಬಹುದು. ಯಾವುದು ಕಡಿಮೆಯೋ ಅದು. ನೀವೇ ಅಲ್ಲಿ ವ್ಯಾಪಾರ ಮಾಡಿ ಲೆಕ್ಕದಲ್ಲಿ ಕಟ್ಟಡದ ಸವಕಳಿ (ಡಿಪ್ರಿಸಿಯೇಷನ್) ತೋರಿಸಿದ್ದರೆ ಈ ಲೆಕ್ಕ ಹೊಂದುವುದಿಲ್ಲ, ಮೊದಲೇ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಕೂತು ಮಾತಾಡಿ.

ಕೊಳ್ಳುವವರಿಗೆ ಅಂಗಡಿ ತೋರಿಸುವುದು ಯಾವಾಗ? ಕ್ಲಾಸುಗಳು ನಡೆಯುವಾಗ, ಸಂಜೆ ಐದರ ಮೇಲೆ. ಜುಲೈ ಮಳೆಯಲ್ಲಿ ಹೆಂಚು ಸೋರುತ್ತಿದ್ದರೆ ಸೋರುತ್ತದೆ ಅಂತಲೇ ಹೇಳಿ. ಖರೀದಿ ಪತ್ರದ ದಿನ ಬಾಡಿಗೆದಾರರ ಡಿಪಾಸಿಟ್ ಹೊಸ ಮಾಲೀಕರಿಗೆ ಹೋಯಿತು ಅಂತ ಒಂದು ಸಾಲು ಬರೆಸಿ, ಬಾಡಿಗೆದಾರರಿಗೂ ಒಂದು ಪ್ರತಿ ಕೊಡಿ. ಹೆಸ್ಕಾಂ ಮೀಟರಿನ ಹೆಸರು ಬದಲಾಯಿಸಲು ಅರ್ಜಿಗೆ ಅವತ್ತೇ ಸಹಿ ಹಾಕಿ.

ಯಾರಾದರೂ ಉತಾರ, ಹಳೆಯ ಖರೀದಿ ಪತ್ರ ತಂದಿದ್ದರೆ ಮುಂದೆ ಬನ್ನಿ. ನಾನು ಇಲ್ಲೇ ಕೂತಿರುತ್ತೇನೆ, ಒಂದೊಂದಾಗಿ ನೋಡೋಣ.